ಚೀಲದ ಮೇಲಿನ ಅಚ್ಚು

ಕಳೆದ ವಾರ ತಿಪಟೂರಿನಿಂದ ಫೋನು ಬಂತು. ನನ್ನ ಹಳೆಯ ವಿದ್ಯಾರ್ಥಿ, ಈಗ ಕೊಬ್ಬರಿ ಮಂಡಿ ನಡೆಸುತ್ತಾನೆ. ಮಗಳು ಬಿ.ಕಾಂ. ಮುಗಿಸಿದ್ದಾಳೆ, ಮುಂದಿನ ಓದಿಗೆ ವಿಯೆನ್ನಾದ ಅರ್ಥಶಾಸ್ತ್ರ ಮತ್ತು ವಾಣಿಜ್ಯ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುತ್ತಾಳಂತೆ. ನಾನು ಮಗನ ಮನೆಗೆಂದು ವಿಯೆನ್ನಾಕ್ಕೆ ಬಂದು ಎರಡು ತಿಂಗಳಾಗಿರುವುದು ಅವನಿಗೆ ಇದೇ ಫೇಸ್‌ಬುಕ್ಕಿನಿಂದ ಗೊತ್ತು. "ಸರ್, ನೀವು ಅಲ್ಲೇ ಇದ್ದೀರಲ್ಲ. ಅದರ ರ‍್ಯಾಂಕಿಂಗ್ ಎಷ್ಟು ಅಂತ ಹೇಳಿಬಿಡಿ, ಸಾಕು" ಎಂದ.

ವಿಚಾರಿಸಿ ಹೇಳುತ್ತೇನೆ ಎಂದು ಫೋನು ಇಟ್ಟೆ. ಆ 'ಸಾಕು' ಎಂಬ ಮಾತು ಮಾತ್ರ ಇನ್ನೂ ಕಿವಿಯಲ್ಲಿದೆ. ಮೂವತ್ತೊಂದು ವರ್ಷ ಕಾಮರ್ಸ್ ಪಾಠ ಮಾಡಿದವನು ನಾನು. ಒಂದು ಅಂಕಿ ಹೇಳಿ ಕೈ ತೊಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ.

ಮಗನ ಮನೆ ಪ್ರಾಟರ್ ಉದ್ಯಾನದ ಬದಿಗಿದೆ. ಬೆಳಗಿನ ನನ್ನ ವಾಕಿಂಗ್ ಆ ವಿಶ್ವವಿದ್ಯಾಲಯದ ನಡುವೆಯೇ ಹಾದುಹೋಗುತ್ತದೆ. ಊರವರ ಬಾಯಲ್ಲಿ ಅದು ಬರೀ 'ವೇ-ಊ', ಜರ್ಮನ್ ಹೆಸರಿನ W ಮತ್ತು U ಅಕ್ಷರಗಳು. ಸುತ್ತ ಬೇಲಿಯಿಲ್ಲ. ನಾಯಿ ಹಿಡಿದುಕೊಂಡ ಅಜ್ಜಿಯರು, ಸ್ಕೇಟ್‌ಬೋರ್ಡ್ ಹುಡುಗರು, ನನ್ನಂಥ ನಿವೃತ್ತರು, ಯಾರು ಬೇಕಾದರೂ ಓಡಾಡಬಹುದು. 2013ರಲ್ಲಿ ತೆರೆದ ಆವರಣ ಇದು. ಕಟ್ಟಡಗಳನ್ನು ಬೇರೆ ಬೇರೆ ದೇಶಗಳ ಆರು ವಾಸ್ತುಶಿಲ್ಪ ಕಚೇರಿಗಳು ರೂಪಿಸಿವೆ. ನಡುವಿನ ಗ್ರಂಥಾಲಯ ಜಹಾ ಹದೀದ್ ಅವರದು. ಹೊರಗಿನಿಂದ ನೋಡಿದರೆ ದಡಕ್ಕೆ ಎಳೆದು ವಾಲಿಸಿಟ್ಟ ಹಡಗಿನ ಹಾಗಿದೆ. ತೆರೆದ ಒಂದೆರಡು ವರ್ಷದಲ್ಲೇ ಅದರ ಹೊರಗೋಡೆಯಿಂದ ಭಾರವಾದ ಫಲಕವೊಂದು ಕಳಚಿ ಬಿದ್ದಿತ್ತೆಂದು ಮಗ ಹೇಳಿದ ಮೇಲೆ ನಾನು ಅದರ ನೆರಳಿನಲ್ಲಿ ನಿಲ್ಲುವುದಿಲ್ಲ. ಪಾಠ ನಡೆಯುವ ಕಟ್ಟಡ ಸ್ವಲ್ಪ ಆಚೆಗಿದೆ. ಬೇಕೆಂದೇ ತುಕ್ಕು ಹಿಡಿಸಿದ ಉಕ್ಕಿನ ತಗಡನ್ನು ಅದಕ್ಕೆ ಹೊದಿಸಿದ್ದಾರೆ. ಗ್ರಂಥಾಲಯ ಹೊಳೆಯುವುದೂ ಪಾಠದ ಮನೆಗೆ ತುಕ್ಕು ಹಿಡಿದಿರುವುದೂ ವಾಸ್ತುಶಿಲ್ಪಿಗಳಿಗೆ ಸೌಂದರ್ಯವಾಗಿ ಕಂಡಿರಬಹುದು, ನನಗೆ ಮಾತ್ರ ಪ್ರತಿ ಬೆಳಿಗ್ಗೆ ಏನೋ ಚುಚ್ಚಿದಂತಾಗುತ್ತದೆ.

ಸಂಸ್ಥೆ ಹುಟ್ಟಿದ್ದು 1898ರಲ್ಲಿ, ರಫ್ತು ಅಕಾಡೆಮಿ ಎಂಬ ಹೆಸರಿನಲ್ಲಿ. ಆಗಿನ ಆಸ್ಟ್ರಿಯಾ-ಹಂಗೇರಿ ಚಕ್ರಾಧಿಪತ್ಯಕ್ಕೆ ಹೊರದೇಶಗಳಲ್ಲಿ ಸರಕು ಮಾರಬಲ್ಲ ಗುಮಾಸ್ತರೂ ಏಜೆಂಟರೂ ಬೇಕಾಗಿದ್ದರು, ಅಷ್ಟೇ. ಜರ್ಮನಿಯ ಲೈಪ್‌ಜಿಗ್, ಸ್ವಿಟ್ಜರ್ಲೆಂಡಿನ ಸೇಂಟ್ ಗ್ಯಾಲನ್‌ಗಳ ವಾಣಿಜ್ಯ ಶಾಲೆಗಳೂ ಅದೇ ವರ್ಷ ಶುರುವಾದವು. ಸಂಶೋಧನೆ ಎಂಬ ಮಾತು ಆಗ ಇರಲಿಲ್ಲ. ಹಳೆಯ ವಿಶ್ವವಿದ್ಯಾಲಯಗಳ ಪಂಡಿತರು ಇಂಥ ಶಾಲೆಗಳನ್ನು ಲೆಕ್ಕ ಬರೆಯುವವರ ಮನೆ ಎಂದೇ ನೋಡುತ್ತಿದ್ದರು. ಚಕ್ರಾಧಿಪತ್ಯ ಮುರಿದುಬಿದ್ದು ಆಸ್ಟ್ರಿಯಾ ಅಂಗೈಯಗಲದ ದೇಶವಾದ ಮೇಲೆ, 1919ರಲ್ಲಿ, ಇದಕ್ಕೆ ಇಟ್ಟ ಹೆಸರು 'ವಿಶ್ವವ್ಯಾಪಾರ ಮಹಾಶಾಲೆ'. ಕಡಲ ಬಂದರೇ ಇಲ್ಲದ ದೇಶಕ್ಕೆ ವಿಶ್ವವ್ಯಾಪಾರ! ಡಾಕ್ಟರೇಟ್ ಕೊಡುವ ಹಕ್ಕು ಸಿಕ್ಕಿದ್ದು 1930ರಲ್ಲಿ, ಈಗಿನ ಹೆಸರು ಬಂದದ್ದು 1975ರಲ್ಲಿ.

ಈಗ ರ‍್ಯಾಂಕಿಂಗ್ ವಿಷಯ. ಇಂಥ ಸಂಸ್ಥೆಗಳಿಗೆ ಗುಣಮಟ್ಟದ ಮಾನ್ಯತೆಯ ಮೂರು ಮುದ್ರೆಗಳು ಬೇಕು: ಅಮೆರಿಕದ ಎಎಸಿಎಸ್‌ಬಿ, ಬ್ರಸೆಲ್ಸ್‌ನ ಈಕ್ವಿಸ್, ಲಂಡನ್ನಿನ ಆಂಬಾ. ವೇ-ಊ ಬಳಿ ಮೂರೂ ಇವೆ. ಅದರ ಮೇಲೆ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಯ ರ‍್ಯಾಂಕಿಂಗ್ ಪಟ್ಟಿ. ಮಾಸ್ಟರ್ಸ್ ಪದವಿಗಳ ಆ ಪಟ್ಟಿಯಲ್ಲಿ ದೊಡ್ಡ ತೂಕ ಇರುವುದು ಪದವೀಧರರ ಸಂಬಳಕ್ಕೆ, ಅದೂ ಓದು ಮುಗಿದು ಮೂರು ವರ್ಷದ ನಂತರದ ಸಂಬಳಕ್ಕೆ. ಎಂಬಿಎ ಪಟ್ಟಿಯಲ್ಲಿ ಸಂಶೋಧನೆಗೂ ಅಂಕವಿದೆ: ಪತ್ರಿಕೆಯವರೇ ಆರಿಸಿಟ್ಟ 50 ನಿಯತಕಾಲಿಕಗಳಲ್ಲಿ ನಿಮ್ಮ ಅಧ್ಯಾಪಕರ ಎಷ್ಟು ಲೇಖನ ಬಂದಿವೆ ಎಂಬ ಎಣಿಕೆ. ತರಗತಿಯ ಪಾಠಕ್ಕೆ ಹತ್ತಿರ ಬರುವ ಕಾಲಂ ಎಂದರೆ ಹಳೆಯ ವಿದ್ಯಾರ್ಥಿಗಳ ತೃಪ್ತಿ. ಆದರೆ ತಾನು ಕೆಟ್ಟದಾಗಿ ಬರೆದರೆ ತನ್ನ ಪದವಿಯ ಬೆಲೆಯೇ ಇಳಿಯುತ್ತದೆಂದು ಉತ್ತರಿಸುವವನಿಗೆ ಗೊತ್ತಿರುತ್ತದೆ. ತನ್ನ ಅಂಗಡಿಯ ತಕ್ಕಡಿ ಸರಿಯಿಲ್ಲ ಎಂದು ಯಾವ ವ್ಯಾಪಾರಿ ಹೇಳುತ್ತಾನೆ?

ಇನ್ನೊಂದು ಮಾತು. ಆ ಪಟ್ಟಿಯಲ್ಲಿ ವೇ-ಊ ಹೆಸರನ್ನು ಎತ್ತಿ ಹಿಡಿದಿರುವುದು ಅಂತರರಾಷ್ಟ್ರೀಯ ಮ್ಯಾನೇಜ್‌ಮೆಂಟ್‌ನ ಒಂದೇ ಒಂದು ಸಣ್ಣ ತರಗತಿ. ಜರಡಿ ಹಿಡಿದು ಆರಿಸಿದ ಹುಡುಗರು ಅಲ್ಲಿ ಓದುತ್ತಾರೆ. ಆವರಣದಲ್ಲಿ ನನಗೆ ಎದುರಾಗುವುದು 20 ಸಾವಿರಕ್ಕೂ ಮಿಕ್ಕ ವಿದ್ಯಾರ್ಥಿಗಳು. ಅವರಲ್ಲಿ ಹೆಚ್ಚಿನವರು ಜರ್ಮನ್ ಭಾಷೆಯಲ್ಲಿ ಬ್ಯಾಚುಲರ್ ಪದವಿ ಓದುವ ಸಾಮಾನ್ಯ ಮನೆಗಳ ಮಕ್ಕಳು. ಮೊದಲ ವರ್ಷದ ದೊಡ್ಡ ಪರೀಕ್ಷೆಗಳಿಗೆ ಹೆದರಿ ಗ್ರಂಥಾಲಯದಲ್ಲಿ ಜಾಗ ಹಿಡಿಯಲು ಓಡುವವರು. ಪಟ್ಟಿಗೆ ಅವರು ಕಾಣುವುದೇ ಇಲ್ಲ.

ಶುಲ್ಕದ ಕತೆಯೂ ಸ್ವಾರಸ್ಯವಾಗಿದೆ. ಐರೋಪ್ಯ ಒಕ್ಕೂಟದವರು ನಿಗದಿತ ಅವಧಿಯೊಳಗೆ ಓದಿ ಮುಗಿಸಿದರೆ ಬೋಧನಾ ಶುಲ್ಕವಿಲ್ಲ. ನಮ್ಮ ತಿಪಟೂರಿನ ಹುಡುಗಿಯಂಥ ಹೊರಗಿನವರಿಗೆ ಸೆಮಿಸ್ಟರಿಗೆ 726 ಯೂರೋ 72 ಸೆಂಟ್. ಈ ಚಿಲ್ಲರೆ ಎಲ್ಲಿಂದ ಬಂತೆಂದು ಲೆಕ್ಕ ಹಾಕಿ ನೋಡಿದೆ, ಹಳೆಯ ಚಟ. ಯೂರೋ ಬರುವ ಮುಂಚಿನ ಆಸ್ಟ್ರಿಯಾದ ನಾಣ್ಯ ಶಿಲ್ಲಿಂಗ್. ಒಂದು ಯೂರೋಗೆ 13.7603 ಶಿಲ್ಲಿಂಗ್. ಗುಣಿಸಿದರೆ ಕೂದಲೆಳೆಯಷ್ಟು ಕಡಿಮೆ ಹತ್ತು ಸಾವಿರ ಶಿಲ್ಲಿಂಗ್! ಸತ್ತ ನಾಣ್ಯವೊಂದು ಶುಲ್ಕದ ರಸೀದಿಯಲ್ಲಿ ಇನ್ನೂ ಉಸಿರಾಡುತ್ತಿದೆ. ಪಕ್ಕದ ದೇಶಗಳ ಖಾಸಗಿ ಬಿಸಿನೆಸ್ ಸ್ಕೂಲುಗಳು ಕೇಳುವ ಹಣದ ಎದುರು ಇದು ಏನೂ ಅಲ್ಲ. ಆದರೂ ಪಟ್ಟಿಯಲ್ಲಿ ಎಲ್ಲರಿಗೂ ಒಂದೇ ಗಜಕಡ್ಡಿ.

ಮುದ್ರೆಗಳನ್ನು ಲೇವಡಿ ಮಾಡಲು ನನಗೇನು ಹಕ್ಕು ಎಂದು ಕೇಳುವವರಿಗೆ ನಾನೇ ತಪ್ಪೊಪ್ಪಿಕೊಳ್ಳುತ್ತೇನೆ. ನಮ್ಮ ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬರುವ ಹಿಂದಿನ ವಾರ ಗೋಡೆಗೆ ಸುಣ್ಣ ಹೊಡೆಸಿ, ಪುಸ್ತಕಗಳಿಗೆ ಹೊಸ ರಟ್ಟು ಹಾಕಿಸಿ, ನಡೆಯದ ಸಭೆಗಳ ನಡಾವಳಿ ಬರೆದವರಲ್ಲಿ ನಾನೂ ಒಬ್ಬ. 2010ರಲ್ಲಿ ಯುಜಿಸಿ ಅಧ್ಯಾಪಕರ ಬಡ್ತಿಗೆ ಅಂಕಗಳ ಪದ್ಧತಿ ತಂದಾಗ, ಎರಡು ಸಾವಿರ ರೂಪಾಯಿ ಕಳಿಸಿದರೆ ಹದಿನೈದು ದಿನದಲ್ಲಿ ಲೇಖನ ಅಚ್ಚು ಹಾಕುವ ನಿಯತಕಾಲಿಕವೊಂದಕ್ಕೆ ನಾನೂ ಬರೆದೆ. ಐಎಸ್‌ಎಸ್‌ಎನ್ ಸಂಖ್ಯೆ ಇತ್ತು, ಅಂಕವೂ ಸಿಕ್ಕಿತು. ಆ ಲೇಖನವನ್ನು ಓದಿದವರು ಇಬ್ಬರು. ನಾನು ಮತ್ತು ಡಿ.ಟಿ.ಪಿ. ಮಾಡಿದ ಹುಡುಗ. ಅವನು ಒಂದು ತಪ್ಪು ಹಿಡಿದುಕೊಟ್ಟಿದ್ದ.

ಸಂಶೋಧನೆ ಎಂದರೆ ಏನೆಂದು ಈ ವೇ-ಊ ಆವರಣದಲ್ಲೇ ನನಗೆ ಬೇರೆ ರೀತಿ ಹೊಳೆಯಿತು. ಸಂಖ್ಯಾಶಾಸ್ತ್ರದ ಲೆಕ್ಕಗಳಿಗೆ ಜಗತ್ತೆಲ್ಲ ಬಳಸುವ 'ಆರ್' ಎಂಬ ಉಚಿತ ತಂತ್ರಾಂಶವಿದೆ. ಹುಟ್ಟಿದ್ದು ನ್ಯೂಜಿಲೆಂಡಿನಲ್ಲಿ. ಅದಕ್ಕೆ ಬೇಕಾದ ಪೂರಕ ಪ್ಯಾಕೇಜುಗಳ ಭಂಡಾರ, ಕ್ರಾನ್, 1997ರಲ್ಲಿ ವಿಯೆನ್ನಾದಲ್ಲಿ ಶುರುವಾಯಿತು. ಇಂದು ಅದರ ಮೂಲ ಕೇಂದ್ರ ಇರುವುದು ಈ ವಿಶ್ವವಿದ್ಯಾಲಯದಲ್ಲೇ. 20 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಹೊಸದು ಬಂದರೆ ಪರೀಕ್ಷಿಸಿ, ತಪ್ಪಿದ್ದರೆ ವಾಪಸು ಕಳಿಸಿ, ಒಪ್ಪವಾಗಿ ಜೋಡಿಸಿಡುವ ಕೆಲಸವನ್ನು ಕೆಲವೇ ಮಂದಿ ಸ್ವಯಂಸೇವಕರು ವರ್ಷಗಟ್ಟಲೆ ಮಾಡಿಕೊಂಡು ಬಂದಿದ್ದಾರೆ. ಅದನ್ನು ಕಟ್ಟಿದವರಲ್ಲಿ ಒಬ್ಬರು ಇಲ್ಲಿನ ಪ್ರಾಧ್ಯಾಪಕ ಕುರ್ಟ್ ಹೋರ್ನಿಕ್. ಮಿದುಳಿನ ನರಗಳ ಮಾದರಿಯಲ್ಲಿ ಹೆಣೆದ ಲೆಕ್ಕದ ಜಾಲಕ್ಕೆ, ಅಂದರೆ ನರಜಾಲಕ್ಕೆ, ಬೇಕಾದಷ್ಟು ಘಟಕಗಳಿದ್ದರೆ ಅದು ಹೆಚ್ಚುಕಡಿಮೆ ಯಾವ ಗಣಿತ ಸಂಬಂಧವನ್ನಾದರೂ ಬೇಕಾದಷ್ಟು ಹತ್ತಿರದಿಂದ ಅನುಕರಿಸಬಲ್ಲುದು ಎಂದು 1989ರಲ್ಲಿ ಸಾಧಿಸಿ ತೋರಿಸಿದ ಮೂವರಲ್ಲಿ ಅವರೂ ಒಬ್ಬರು. ಇಂದಿನ ಕೃತಕ ಬುದ್ಧಿಮತ್ತೆಯ ಎಷ್ಟೋ ಪಠ್ಯಗಳು ಆ ಪ್ರಬಂಧವನ್ನು ನೆನೆಯುತ್ತವೆ.

ಪ್ರಬಂಧಕ್ಕೆ ಅಂಕವಿದೆ, ಸರಿ. ಭಂಡಾರದ ಕಸ ಗುಡಿಸಿ ದೀಪ ಹಚ್ಚಿಟ್ಟದ್ದಕ್ಕೆ ಯಾವ ಪಟ್ಟಿಯಲ್ಲಿ ಕಾಲಂ ಇದೆ? ನಮ್ಮ ಕಡೆ ರಾಗಿ ತಳಿಯ ಇಳುವರಿಯನ್ನೋ ಅಡಿಕೆಯ ಬೆಲೆಯನ್ನೋ ಆರ್‌ನಲ್ಲಿ ಲೆಕ್ಕ ಹಾಕಿ ಪಿಎಚ್.ಡಿ. ಬರೆಯುವ ಹುಡುಗ, ತಂತ್ರಾಂಶದ ಋಣ ಹೇಳುವಾಗ 'ವಿಯೆನ್ನಾ, ಆಸ್ಟ್ರಿಯಾ' ಎಂದು ಬರೆಯುತ್ತಾನೆ, ಆರ್ ಪ್ರತಿಷ್ಠಾನ ಇರುವುದು ಇಲ್ಲೇ ಆದ್ದರಿಂದ. ಈ ಊರಿನ ಹೆಸರು ಅಷ್ಟು ದೂರ ಹೋಗಿದೆ.

ನನ್ನನ್ನು ನಿಜವಾಗಿ ನಿಲ್ಲಿಸಿದ್ದು ಇನ್ನೊಂದು ಸಂಗತಿ. ಆವರಣದಲ್ಲಿ ಹೆಸರುಗಳನ್ನೇ ಹೆಣೆದು ಮಾಡಿದ ಒಂದು ಗೋಳವಿದೆ, 2014ರಲ್ಲಿ ಇಟ್ಟದ್ದು. 1938ರಲ್ಲಿ ನಾಜಿಗಳು ಬಂದಾಗ ಇಲ್ಲಿಂದ ಹೊರದೂಡಿಸಿಕೊಂಡ ಯಹೂದಿ ವಿದ್ಯಾರ್ಥಿಗಳು ಮತ್ತಿತರರ ಹೆಸರುಗಳು ಅವು. ಯುದ್ಧ ಮುಗಿದ ಮೇಲೆ ಎಲ್ಲವೂ ತೊಳೆದುಹೋಯಿತು ಎಂದುಕೊಳ್ಳುತ್ತೇವೆ. ಇಲ್ಲಿ ಹಾಗಾಗಲಿಲ್ಲ. 1955ರಿಂದ ಇದೇ ವಿಶ್ವವ್ಯಾಪಾರ ಮಹಾಶಾಲೆಯಲ್ಲಿ ಟಾರಾಸ್ ಬೊರೊಡಾಯ್ಕೆವಿಚ್ ಎಂಬ ಪ್ರಾಧ್ಯಾಪಕ ಆರ್ಥಿಕ ಇತಿಹಾಸ ಹೇಳುತ್ತಿದ್ದ. ಹಳೆಯ ನಾಜಿ ಪಕ್ಷದ ಸದಸ್ಯ. ಪಾಠದ ನಡುವೆ ಯಹೂದಿಗಳ ಬಗ್ಗೆ ವ್ಯಂಗ್ಯ, ಹಿಟ್ಲರನ ಕಾಲದ ಹೊಗಳಿಕೆ. ಹುಡುಗರು ನಗುತ್ತಿದ್ದರು.

ಆ ತರಗತಿಯಲ್ಲಿದ್ದ ಫರ್ಡಿನಾಂಡ್ ಲಸಿನಾ ಎಂಬ ವಿದ್ಯಾರ್ಥಿ ನಗಲಿಲ್ಲ, ಬರೆದುಕೊಂಡ. ಪ್ರಾಧ್ಯಾಪಕ ಹೇಳಿದ್ದನ್ನು ಹೇಳಿದ ಹಾಗೆ. ಆ ಟಿಪ್ಪಣಿಗಳನ್ನು ಆಧರಿಸಿ ಹೈಂಟ್ಸ್ ಫಿಷರ್ ಎಂಬ ತರುಣ 1962ರಲ್ಲಿ ಲೇಖನ ಪ್ರಕಟಿಸಿದ. ಪ್ರಾಧ್ಯಾಪಕ ಮಾನನಷ್ಟ ಮೊಕದ್ದಮೆ ಹೂಡಿದ. ಟಿಪ್ಪಣಿ ಯಾರದೆಂದು ಹೇಳಿದರೆ ಲಸಿನಾನ ಪದವಿಗೆ ಕುತ್ತು ಬರುತ್ತದೆ. ಫಿಷರ್ ಬಾಯಿ ಬಿಡಲಿಲ್ಲ, ದಂಡ ಕಟ್ಟಿದ. 1965ರಲ್ಲಿ ವಿಷಯ ಮತ್ತೆ ಭುಗಿಲೆದ್ದಿತು. ಮಾರ್ಚ್ 31ರಂದು ವಿಯೆನ್ನಾದ ನಡುಬೀದಿಯಲ್ಲಿ ಪ್ರಾಧ್ಯಾಪಕನ ಪರ ಮತ್ತು ವಿರುದ್ಧದ ಮೆರವಣಿಗೆಗಳು ಎದುರಾದವು. ನಾಜಿ ವಿರೋಧಿ ಹೋರಾಟ ಮಾಡಿದ್ದ 67 ವರ್ಷದ ಎರ್ನ್‌ಸ್ಟ್ ಕಿರ್ಶ್‌ವೇಗರ್ ಅವರನ್ನು ಬಲಪಂಥೀಯ ವಿದ್ಯಾರ್ಥಿಯೊಬ್ಬ ಹೊಡೆದು ಕೆಡವಿದ. ಎರಡು ದಿನಕ್ಕೆ ಅವರು ಸತ್ತರು. ಅವರು ಹುಟ್ಟಿದ್ದು 1898ರಲ್ಲಿ, ಈ ಸಂಸ್ಥೆ ಹುಟ್ಟಿದ ವರ್ಷವೇ. ಅಂತಿಮ ಯಾತ್ರೆಗೆ ಸುಮಾರು 25 ಸಾವಿರ ಜನ ಸೇರಿದರು. ಪ್ರಾಧ್ಯಾಪಕನಿಗೆ ಮರುವರ್ಷ ಕಡ್ಡಾಯ ನಿವೃತ್ತಿಯಾಯಿತು. ಲಸಿನಾ ಮುಂದೆ ದೇಶದ ಹಣಕಾಸು ಸಚಿವರಾದರು, ಫಿಷರ್ 2004ರಿಂದ 2016ರವರೆಗೆ ಆಸ್ಟ್ರಿಯಾದ ಅಧ್ಯಕ್ಷರಾಗಿದ್ದರು.

ಆಗ ಮುದ್ರೆ, ಪಟ್ಟಿ ಇದ್ದಿದ್ದರೆ ಆ ಮಹಾಶಾಲೆಗೆ ಒಳ್ಳೆಯ ಸ್ಥಾನವೇ ಸಿಗುತ್ತಿತ್ತೋ ಏನೋ. ಅದರ ಹೆಸರಿಗೆ ನಿಜವಾಗಿ ಏನಾಗುತ್ತಿದೆ ಎಂಬುದು ದಾಖಲಾಗಿದ್ದು ಒಬ್ಬ ಹುಡುಗನ ನೋಟ್‌ಬುಕ್ಕಿನಲ್ಲಿ.

ಈ ಕತೆ ತಿಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮೂರು ವರ್ಷದ ಹಿಂದೆ ಹಾಸನದಲ್ಲಿ ಒಂದು ಮದುವೆಮನೆಯಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಆಗಿರುವ ಹೆಣ್ಣುಮಗಳೊಬ್ಬಳು ಬಂದು ನಮಸ್ಕರಿಸಿದಳು. ನನ್ನ ವಿದ್ಯಾರ್ಥಿನಿ. "ಸರ್, ನೆನಪಿದೆಯಾ? ಕೊನೇ ಬೆಂಚಿನ ಹುಡುಗಿಯರಿಗೆ ನೀವು, ನಿಮಗೆಲ್ಲ ಬ್ಯಾಲೆನ್ಸ್ ಶೀಟ್ ಯಾಕಮ್ಮಾ, ಹಾಲಿನವನ ಲೆಕ್ಕ ಬಂದರೆ ಸಾಕು ಅನ್ನುತ್ತಿದ್ದಿರಿ" ಎಂದು ನಗುತ್ತಲೇ ಹೇಳಿದಳು. ನನಗೆ ನೆನಪಿರಲಿಲ್ಲ. ಅವಳಿಗೆ ಇತ್ತು. ಆ ಸಾಲನ್ನು ನಾನು ಎಷ್ಟು ವರ್ಷ, ಎಷ್ಟು ತರಗತಿಗಳಲ್ಲಿ ಹೇಳಿ ನಗಿಸಿದೆನೋ. ಯಾರ ಪುಸ್ತಕದ ಅಂಚಿನಲ್ಲಿ ಕುಳಿತಿದೆಯೋ. ಈ ವೇ-ಊ ಕೂಡ ಮೊದಲ ಮಹಿಳಾ ರೆಕ್ಟರ್ ಅವರನ್ನು ಕಂಡದ್ದು 2015ರಲ್ಲಿ, ಹುಟ್ಟಿ 117 ವರ್ಷವಾದ ಮೇಲೆ. ಅದರಿಂದ ನನಗೇನೂ ಸಮಾಧಾನವಾಗಲಿಲ್ಲ.

ನಿನ್ನೆ ತಿಪಟೂರಿಗೆ ನಾನೇ ಫೋನು ಮಾಡಿದೆ.

"ಏನಯ್ಯಾ, ನೀನು ಕೊಬ್ಬರಿ ಕೊಳ್ಳುವಾಗ ಚೀಲದ ಮೇಲಿನ ಅಚ್ಚು ನೋಡಿ ದರ ಹೇಳುತ್ತೀಯಾ?"

"ಎಲ್ಲಾದರೂ ಉಂಟೇ ಸರ್? ಬಾಯಿ ಹತ್ತಿರ ಒಳ್ಳೆಯದನ್ನೇ ತುಂಬಿರುತ್ತಾರೆ. ಚೀಲ ಸುರಿಸಿ, ತಳದಿಂದ ನಾಲ್ಕು ಎತ್ತಿ, ಹೋಳು ಮಾಡಿ ನೋಡುತ್ತೇನೆ."

"ಇದಕ್ಕೂ ಹಾಗೆಯೇ ಮಾಡೋಣ."

"ಅಲ್ಲಿ ತಳ ಯಾವುದು ಸರ್?"

ಒಳ್ಳೆಯ ಪ್ರಶ್ನೆ. ಇವತ್ತು ಮಗನ ಮನೆಯ ಮೇಲಿನ ಮಹಡಿಯ ಹುಡುಗಿಯನ್ನು ಚಹಾಕ್ಕೆ ಕರೆದೆ. ವೇ-ಊದಲ್ಲಿ ಮೊದಲ ವರ್ಷ. ನಿನ್ನ ನೋಟ್ಸ್ ತೋರಿಸುತ್ತೀಯಾ ಎಂದು ಸೊಸೆಯಿಂದ ಕೇಳಿಸಿದೆ. ಮುದುಕನ ಆಸೆಗೆ ನಕ್ಕು, ಕೆಳಗೆ ತಂದಳು. ಜರ್ಮನ್ ನನಗೆ ಒಂದಕ್ಷರ ಬರದು. ಆದರೆ ಪುಟ ತಿರುಗಿಸುತ್ತಿದ್ದಂತೆ ಇಂಗ್ಲಿಷಿನ ಟಿ ಆಕಾರದ ಖಾತೆ ಕಂಡಿತು, ಎಡಕ್ಕೆ 'ಸೋಲ್', ಬಲಕ್ಕೆ 'ಹಾಬೆನ್'. ನಮ್ಮ ಡೆಬಿಟ್, ಕ್ರೆಡಿಟ್! ಹಳೆಯ ಗೆಳೆಯ ಪರದೇಶದಲ್ಲಿ ಸಿಕ್ಕಂತಾಯಿತು. ಎರಡೂ ಬದಿಯ ಮೊತ್ತ ಬೆರಳಿನಲ್ಲೇ ಕೂಡಿ ನೋಡಿದೆ, ತಾಳೆಯಾಗಿತ್ತು.

ಪುಟದ ಅಂಚಿನಲ್ಲಿ ನೀಲಿ ಶಾಯಿಯಲ್ಲಿ ಎರಡು ಸಾಲು ಗೀಚಿದ್ದಳು, ಕೆಳಗೊಂದು ಗೆರೆ. ಇದೇನು ಎಂದು ಕೇಳಿಸಿದೆ.

"ಪ್ರೊಫೆಸರ್ ಮಧ್ಯದಲ್ಲಿ ಹೇಳಿದ ಮಾತು" ಎಂದಳಂತೆ. "ಪರೀಕ್ಷೆಗೆ ಬರುವುದಿಲ್ಲ."