ಚಾಯ್ಸ್ ಎರಡು

ನಿರ್ಧಾರ ಮಾಡುವುದಕ್ಕೂ ಒಂದು ಕ್ರಮ ಇದೆ ಎಂದು ಬರೆದುಕೊಟ್ಟವರಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಹೆಸರುವಾಸಿ. 1772ರಲ್ಲಿ ಅವನ ಗೆಳೆಯ, ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಲಾರ್ಡ್ ಸಾಹೇಬರೊಬ್ಬರು ತಮ್ಮಲ್ಲಿ ಕೆಲಸಕ್ಕೆ ಬಾ ಎಂದಿದ್ದರು. ಹೋಗಲೋ ಬೇಡವೋ ಎಂದು ಕೇಳಿದರೆ ಫ್ರಾಂಕ್ಲಿನ್ ಎರಡನ್ನೂ ಹೇಳಲಿಲ್ಲ. ಹಾಳೆಯ ನಡುವೆ ಗೆರೆ ಎಳೆ, ಒಂದು ಕಡೆ ಪರ, ಇನ್ನೊಂದು ಕಡೆ ವಿರೋಧ ಬರಿ, ಮೂರು ನಾಲ್ಕು ದಿನ ಹೊಳೆದದ್ದೆಲ್ಲ ಸೇರಿಸುತ್ತಾ ಹೋಗು, ಆಮೇಲೆ ಸಮ ತೂಕದವನ್ನು ಎರಡೂ ಕಡೆಯಿಂದ ಹೊಡೆದುಹಾಕು ಎಂದು ಕಾಗದ ಬರೆದ. ಸಲಹೆ ಕೇಳಿದವರಿಂದ ಮರ್ಯಾದೆಯಾಗಿ ತಪ್ಪಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಕಂಡಿಲ್ಲ. ಪ್ರೀಸ್ಟ್ಲಿ ಕೆಲಸಕ್ಕೆ ಸೇರಿದ. ಅಲ್ಲಿದ್ದಾಗಲೇ 1774ರಲ್ಲಿ ಆಮ್ಲಜನಕ ಕಂಡುಹಿಡಿದ. ಆ ಲಾಭವನ್ನು ಹಾಳೆಯ ಯಾವ ಕಡೆ ಬರೆಯುವುದು?

ಡಾರ್ವಿನ್ 1838ರಲ್ಲಿ ಮದುವೆಯ ಬಗ್ಗೆಯೇ ಇಂಥ ಪಟ್ಟಿ ಮಾಡಿದ. ಮದುವೆಯಾದರೆ ಪುಸ್ತಕಕ್ಕೆ ದುಡ್ಡು ಉಳಿಯದು, ಸಂಜೆ ಓದಲಾಗದು. ಆದರೂ ಜೊತೆಗೊಬ್ಬಳು ಇರುತ್ತಾಳೆ, ನಾಯಿಗಿಂತ ವಾಸಿ! ಕೊನೆಗೆ ಗಣಿತದ ಪ್ರಮೇಯ ಮುಗಿಸಿದವನ ಹಾಗೆ ಮದುವೆಯಾಗತಕ್ಕದ್ದು ಎಂದು ಬರೆದು, ಮುಂದಿನ ಜನವರಿಯಲ್ಲಿ ಎಮ್ಮಾಳ ಕೈ ಹಿಡಿದ. ಉತ್ತರ ಮೊದಲೇ ಗೊತ್ತಿತ್ತು, ಲೆಕ್ಕ ಆಮೇಲೆ ಬಂತು ಎಂದು ನನ್ನ ಗುಮಾನಿ. ನಮ್ಮ ಕಡೆ ದೇವರ ಹತ್ತಿರ ಪ್ರಸಾದ ಕೇಳುವವರೂ ಹೀಗೇ. ಹೂವು ಬಲಕ್ಕೆ ಬಿದ್ದರೆ ಕೈಮುಗಿದು ಹೊರಡುತ್ತಾರೆ. ಎಡಕ್ಕೆ ಬಿದ್ದರೆ, "ಭಟ್ಟರೇ, ಇನ್ನೊಂದ್ಸಲ ಕೇಳಿ ನೋಡಿ."

ಕರ್ನಾಟಕದ ಮನೆಮನೆಯಲ್ಲೂ ಇದರ ದೊಡ್ಡ ಪ್ರಯೋಗ ನಡೆಯುವುದು ಸಿಇಟಿಯ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡಿ ತುಂಬುವ ಹೊತ್ತಿಗೆ. ಪಕ್ಕದ ಮನೆಯಲ್ಲಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ಅದರ ಪಕ್ಕ ಹೋದ ವರ್ಷದ ಕಟ್‌ಆಫ್ ಪ್ರಿಂಟು, ಅದರ ಮೇಲೆ ಚಹಾ ಲೋಟದ ಉಂಗುರ. ಸ್ಪೀಕರ್ ಫೋನಿನಲ್ಲಿ ಬೆಂಗಳೂರಿನ ಸೋದರಮಾವ: "ಕಂಪ್ಯೂಟರ್ ಸೈನ್ಸೇ ಹಾಕ್ಸಿ ಭಾವ, ಕಣ್ಮುಚ್ಕೊಂಡು." ಹುಡುಗಿಗೆ ಸಿವಿಲ್ ಮೇಲೆ ಮನಸ್ಸು, ಅದನ್ನು ಬಾಯಿಬಿಟ್ಟು ಹೇಳಲು ಫೋನ್ ಇಡುವ ತನಕ ಕಾದಳು. ಅಮ್ಮನಿಗೆ ದಿನಾ ಬಸ್ಸಲ್ಲಿ ಹೋಗಿ ಬರುವಂಥ ಕಾಲೇಜು ಸಾಕು.

ಹುಡುಗಿ ತನಗಿಷ್ಟದ ಕಾಲೇಜನ್ನು ಮೊದಲಿಗೆ ಹಾಕಹೊರಟರೆ ಅವಳ ಅಪ್ಪ ಹೇಳಿದರು: "ಆ ಕಾಲೇಜು ಸಿಗಲ್ಲ ಬಿಡು, ಮೇಲೆ ಹಾಕೋದು ದಂಡ." ಇಲ್ಲೇ ಎಲ್ಲರೂ ಎಡವುವುದು. ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ನಿಮ್ಮ ರ‍್ಯಾಂಕಿಗೆ ಮೊದಲು ಯಾವುದು ದಕ್ಕುತ್ತದೋ ಅದನ್ನು ಕೊಡುತ್ತಾರೆ. ಸಿಗದ ಕಾಲೇಜನ್ನು ಮೇಲಿಟ್ಟರೆ ಕೆಳಗಿನದಕ್ಕೆ ಕೂದಲೆಳೆಯಷ್ಟೂ ನಷ್ಟವಿಲ್ಲ. ಸಿಗುವುದೇ ಸಾಕು ಎಂದು ಬೇಡದ್ದನ್ನು ಮೇಲಿಟ್ಟರೆ ಮಾತ್ರ ಅದೇ ಗಂಟುಬೀಳುತ್ತದೆ. ಇಷ್ಟನ್ನು ನಾನು ಬಿಡಿಸಿ ಹೇಳಿದರೂ ಅಪ್ಪನಿಗೆ ನಂಬಿಕೆ ಬರಲಿಲ್ಲ. ಏನು ಸಿಗಬಹುದು ಎಂದು ಎಷ್ಟು ಹೊತ್ತಾದರೂ ಮಾತಾಡುವ ಜನ, ನಿಮಗೇನು ಬೇಕು ಎಂದು ನೇರ ಕೇಳಿದರೆ ಗಂಟಲು ಸರಿಮಾಡಿಕೊಳ್ಳುತ್ತಾರೆ.

ಸೀಟು ಬಂದ ಮೇಲೂ ನಾಲ್ಕು ಚಾಯ್ಸ್. ಒಂದು ಒತ್ತಿದರೆ ಕೊಟ್ಟದ್ದು ಒಪ್ಪಿಗೆ, ಹೋಗಿ ಸೇರುವುದೇ. ಎರಡಾದರೆ ಇದೂ ಇರಲಿ, ಮುಂದಿನ ಸುತ್ತಿನಲ್ಲಿ ಇನ್ನೂ ಮೇಲಿನದು ಬಂದರೆ ಬರಲಿ. ಮೂರಾದರೆ ಇದು ಬೇಡ, ಮುಂದಿನದಕ್ಕೆ ಕಾಯುತ್ತೇನೆ. ನಾಲ್ಕು ಒತ್ತಿದರೆ ಈ ಉಸಾಬರಿಯೇ ಬೇಡ.

ಹುಡುಗಿಗೆ ಸಿವಿಲ್ಲೇ ಬಂತು, ಪಟ್ಟಿಯಲ್ಲಿ ಮೂರನೆಯ ಕಾಲೇಜಿನಲ್ಲಿ. ಅಪ್ಪ ತಡಮಾಡದೆ, "ಎರಡು ಒತ್ತು" ಎಂದರು.

"ಮೇಲಿಂದು ಸಿಕ್ಕರೆ ಇದು ಹೋಗುತ್ತೆ ಅಪ್ಪ. ಆಮೇಲೆ ಇದೇ ಚೆನ್ನಾಗಿತ್ತು ಅನ್ನೋ ಹಾಗಿಲ್ಲ."

"ಎಂಥಾ ವ್ಯವಸ್ಥೆ ನೋಡು, ಕೈಲಿರೋದೂ ಇರುತ್ತೆ, ಆಸೆನೂ ಇರುತ್ತೆ. ನಮ್ಮ ಕಾಲದಲ್ಲಿ ಮದುವೆಗೂ ಇಂಥದ್ದೊಂದು ಇರಬೇಕಿತ್ತು" ಎಂದು ಅವರು ನನ್ನ ಕಡೆ ತಿರುಗಿ ನಕ್ಕರು.

ಒಳಗಿನಿಂದ ಅವರ ಹೆಂಡತಿ: "ಇದ್ದಿದ್ರೆ ನಾನು ನಾಲ್ಕು ಒತ್ತಿರ್ತಿದ್ದೆ."