ಬಲಗೈ ಕಾಣೆಯಾಗಿದೆ

ಕಾಣೆಯಾಗಿದೆ: ಬಲಗೈ, ಒಂದು. ಬೆರಳು ಐದು. ಮೈಬಣ್ಣ ಫಿಲ್ಟರಿನ ಮರ್ಜಿಯಂತೆ. ಕೊನೆಯ ಬಾರಿ ಕಂಡಾಗ ಕೂದಲೆಳೆಯಷ್ಟು ತೆಳ್ಳಗಿನ ಬ್ರಷ್ ಹಿಡಿದು ಎಡಗೈಯ ಉಂಗುರಬೆರಳಿನ ಮೇಲೆ ಗುಲಾಬಿ ಹೂವು ಬಿಡಿಸುತ್ತಿತ್ತು. ಅಲ್ಲಿಂದಾಚೆ ಪತ್ತೆಯಿಲ್ಲ. ಸುಳಿವು ಸಿಕ್ಕವರು ದಯವಿಟ್ಟು ತಿಳಿಸತಕ್ಕದ್ದು.

ನಂಬಿಕೆ ಬಾರದಿದ್ದರೆ ‘ಮನೆಯಲ್ಲೇ ಐದೇ ನಿಮಿಷದಲ್ಲಿ ನೇಲ್ ಆರ್ಟ್’ ಎನ್ನುವ ಯಾವುದಾದರೂ ವಿಡಿಯೋ ತೆರೆದು ನೋಡಿ. ‘ಹಾಯ್ ಫ್ರೆಂಡ್ಸ್’ ಆಗುತ್ತದೆ. ಬೇಸ್ ಕೋಟ್ ಆಗುತ್ತದೆ. ಒಂದು ಚುಕ್ಕೆ, ಎರಡು ಗೆರೆ, ಮೇಲೊಂದಿಷ್ಟು ಮಿನುಗು. ‘ನೋಡಿದ್ರಲ್ಲ, ಎಷ್ಟು ಸಿಂಪಲ್ಲು!’ ಕೊನೆಗೆ ಸಿಂಗಾರಗೊಂಡ ಎಡಗೈ ಬಣ್ಣದ ಬಾಟಲಿಯನ್ನು ನವಿರಾಗಿ ಹಿಡಿದುಕೊಂಡು ಬೆಳಕಿನಲ್ಲಿ ಅತ್ತಿತ್ತ ಓಲಾಡುತ್ತದೆ. ಅಲ್ಲಿಗೆ ಮಂಗಳ. ಬಲಗೈಯ ಗತಿ ಏನಾಯಿತೆಂದು ಕೇಳುವವರಿಲ್ಲ, ಹೇಳುವವರೂ ಇಲ್ಲ. ಎಡಚರ ವಿಡಿಯೋದಲ್ಲಿ ಕಾಣೆಯಾಗುವುದು ಎಡಗೈ. ಆ ಮಟ್ಟಿಗೆ ಈ ಕಲೆಯಲ್ಲಿ ತಾರತಮ್ಯವಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಹಿರಿಯರು ಹೇಳಿದ್ದರು. ಇಲ್ಲಿ ಎಡಗೈ ತಿರುಗಿ ಕೊಟ್ಟದ್ದು ಜಗತ್ತಿಗೇ ತಿಳಿಯಬಾರದು.

ತಿಳಿಯಬಾರದು ಏಕೆಂದರೆ, ಕೊಟ್ಟದ್ದು ಹಾಗಿರುತ್ತದೆ. ಬಲಗೈ ಎಡಗೈಗೆ ಹೂವಿನ ಐದೂ ಎಸಳು ಬಿಡಿಸಿಕೊಟ್ಟಿದೆ, ನಡುವೆ ಹಳದಿ ಬೊಟ್ಟಿಟ್ಟಿದೆ. ಈಗ ಎಡಗೈಯ ಪಾಳಿ. ಜನ್ಮದಲ್ಲಿ ಒಂದು ಸಹಿ ಮಾಡಿ ಗೊತ್ತಿಲ್ಲದ ಕೈ ಅದು. ಬ್ರಷ್ ಹಿಡಿದ ಕೂಡಲೇ ಅದಕ್ಕೆ ನಡುಕ ಶುರು. ಮೊದಲ ಎಸಳು ಉಗುರಿನ ಮೇಲೆ, ಎರಡನೆಯದು ಅರ್ಧ ಉಗುರಿನ ಮೇಲೆ ಅರ್ಧ ಚರ್ಮದ ಮೇಲೆ, ಮೂರನೆಯದು ಪಕ್ಕದ ಬೆರಳಿನ ಗೆಣ್ಣಿಗೆ. ಉಸಿರು ಬಿಗಿಹಿಡಿದು ಮೇಜಿಗೆ ಮೊಣಕೈ ಊರಿ ನಾಲ್ಕನೆಯದನ್ನು ಎಳೆಯುವ ಹೊತ್ತಿಗೆ, ಮೊದಲೇ ಮುಗಿಸಿಟ್ಟಿದ್ದ ಎಡ ಉಂಗುರಬೆರಳು ಹೋಗಿ ಬಾಟಲಿಗೆ ಒರಗುತ್ತದೆ. ಅಲ್ಲಿನ ಹೂವು ಬಾಟಲಿಗೆ ಬಂತು. ಒಂದು ಕೈಯಲ್ಲಿ ಗುಲಾಬಿ, ಇನ್ನೊಂದರಲ್ಲಿ ಕಾಗೆ ಕಾಲು ಗುಬ್ಬಿ ಕಾಲು. ಇಷ್ಟಾದ ಮೇಲೆ ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡು ಫೋಟೋ ತೆಗೆಸಿಕೊಳ್ಳುವುದೊಂದೇ ದಾರಿ. ಜೇಬಿಗೆ ಇಡುವುದಕ್ಕೂ ಮೊದಲು ಒಣಗಬೇಕಲ್ಲ.

ಐದು ನಿಮಿಷದ ಲೆಕ್ಕ ಪೂರ್ತಿ ಕೈಕೊಡುವುದು ಇಲ್ಲೇ. ಸಾಮಾನ್ಯ ನೇಲ್ ಪಾಲಿಶಿನ ಜೀವಾಳ ನೈಟ್ರೋಸೆಲ್ಯುಲೋಸ್ ಎನ್ನುವ ವಸ್ತು. ಗನ್‌ಕಾಟನ್ ಎಂಬ ಸ್ಫೋಟಕ ಇದರ ಖಾಸಾ ದಾಯಾದಿ. 1920ರ ದಶಕದಲ್ಲಿ ಕಾರುಗಳಿಗೆ ಬಳಿದ ಹೊಳೆಹೊಳೆವ ಲ್ಯಾಕರ್ ಕೂಡ ಇದೇ ಮನೆತನದ್ದು. ಇದನ್ನು ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್ ಎಂಬ ದ್ರಾವಕಗಳಲ್ಲಿ ಕರಗಿಸಿ, ಬಣ್ಣ ಬೆರೆಸಿ ಬಾಟಲಿಗೆ ತುಂಬುತ್ತಾರೆ. ಉಗುರಿಗೆ ಬಳಿದಾಗ ದ್ರಾವಕ ಆರಿಹೋಗಿ ಪದರ ಉಳಿಯಬೇಕು. ಆದರೆ ಅದು ಮೇಲಿನಿಂದ ಆರುತ್ತದೆ. ಮುಟ್ಟಿದರೆ ಒಣಗಿದ ಹಾಗೆ, ಒಳಗೆ ಇನ್ನೂ ಹಸಿ. ದಪ್ಪಗೆ ಬಳಿದರಂತೂ ಒಳಗಿನ ದ್ರಾವಕಕ್ಕೆ ಹೊರಬರುವ ಬಾಗಿಲೇ ಇರುವುದಿಲ್ಲ. ತೆಳುವಾಗಿ ಎರಡು ಸಲ ಬಳಿಯಿರಿ, ನಡುವೆ ಕಾಯಿರಿ ಎಂದು ಬಲ್ಲವರು ಹೇಳುವುದು ಅದಕ್ಕೇ. ಪೂರ್ತಿ ಗಟ್ಟಿಯಾಗಲು ಗಂಟೆ ಮೇಲೇ ಬೇಕು. ವಿಡಿಯೋದಲ್ಲಿ ಈ ಗಂಟೆ ಎಲ್ಲಿ ಹೋಯಿತು ಎಂದರೆ, ಬಲಗೈ ಹೋದಲ್ಲಿಗೇ. ಪ್ರತಿ ‘ಈಗ ಇದು ಒಣಗಿದೆ’ ಎಂಬ ಮಾತಿನ ಹಿಂದೆ ಒಂದು ಕತ್ತರಿ ಆಡಿರುತ್ತದೆ. ಮನೆಯಲ್ಲಿ ಕೂತು ನೋಡುವವರ ಆಯುಸ್ಸಿಗೆ ಮಾತ್ರ ಎಡಿಟಿಂಗ್ ಸೌಲಭ್ಯವಿಲ್ಲ.

ಆ ಒಂದು ಗಂಟೆಯಲ್ಲಿ ಮನುಷ್ಯರ ಹತ್ತು ಬೆರಳೂ ರಜೆಯಲ್ಲಿರುತ್ತವೆ. ಹತ್ತು ಬೆರಳು ರಜೆಯಲ್ಲಿವೆ ಎಂದು ಮೂಗಿಗೆ ಅದು ಹೇಗೆ ಗೊತ್ತಾಗುತ್ತದೋ ಕಾಣೆ, ಸರಿಯಾಗಿ ಆಗಲೇ ಕೆರೆತ ಶುರುಮಾಡುತ್ತದೆ.

“ಲೋ, ಬಾರೋ ಇಲ್ಲಿ. ಮೂಗು ಕೆರಿ.”

“ಯಾರ ಮೂಗಕ್ಕಾ?”

“ನಂದು ಕಣೋ! ಎಡಗಡೆ. ಸ್ವಲ್ಪ ಕೆಳಗೆ. ಅಯ್ಯೋ, ಕೈ ತಗುಲಿಸ್ಬೇಡ, ನಡುಬೆರಳು ಇನ್ನೂ ಹಸಿ!”

“ಅಕ್ಕಾ, ಫೋನ್ ಬೇರೆ ಹೊಡ್ಕೊಳ್ತಿದೆ.”

“ಕಿವಿ ಹತ್ರ ಹಿಡಿ. ಮೂಗು ಬಿಡಬೇಡ.”

ನಾಲ್ಕು ಕೈ ಬೇಕಾಗುವ ಈ ಕಲೆಗೆ ‘ನೀವೇ ಮಾಡಿಕೊಳ್ಳಿ’ ಎಂದು ಹೆಸರಿಟ್ಟವರ ಧೈರ್ಯ ಮೆಚ್ಚಬೇಕು.

ಇನ್ನು ಸಲಕರಣೆ. ‘ಏನೂ ಖರೀದಿ ಮಾಡೋದು ಬೇಡ, ಎಲ್ಲಾ ನಿಮ್ಮ ಮನೇಲೇ ಇದೆ’ ಎಂಬ ಅಭಯ ಮೊದಲು ಬರುತ್ತದೆ. ಅದು ಸುಳ್ಳಲ್ಲ. ಚುಕ್ಕೆ ಇಡಲು ಟೂತ್‌ಪಿಕ್ಕು ಅಥವಾ ಹೇರ್‌ಪಿನ್ನಿನ ಗುಂಡುತುದಿ ಸಾಕು, ರೀಫಿಲ್ ಮುಗಿದ ಬಾಲ್‌ಪೆನ್ನೂ ಆದೀತು. ನೇರ ಗೆರೆಗೆ ಅಂಟುಪಟ್ಟಿ. ಒಂದು ಬಣ್ಣ ಇನ್ನೊಂದರೊಳಗೆ ಕರಗಿದಂತೆ ಕಾಣಲು ಮೇಕಪ್ ಸ್ಪಂಜಿನ ಚೂರು. ಈ ಸ್ಪಂಜಿನ ಕೆಲಸದ ಬಗ್ಗೆ ನನಗೆ ಗೌರವವಿದೆ ಎಂದು ಇಲ್ಲೇ ಹೇಳಿಬಿಡುತ್ತೇನೆ. ನಡುಗುವ ಎಡಗೈಯೂ ಮಾನ ಉಳಿಸಿಕೊಳ್ಳುವ ವಿದ್ಯೆ ಇದೊಂದೇ. ಒತ್ತಿದರಾಯಿತು, ಗೆರೆ ಎಳೆಯುವ ಹಂಗಿಲ್ಲ. ಆದರೆ ಇದನ್ನೆಲ್ಲ ಹೇಳುವವರ ಬೆನ್ನ ಹಿಂದೆ ಕ್ಯಾಮೆರಾ ಸ್ವಲ್ಪ ಸರಿದರೆ ಗೋಡೆಯ ತುಂಬ ಕಪಾಟು, ಕಪಾಟಿನ ತುಂಬ ಬಾಟಲಿ. ನೀಲಿಯೊಂದರಲ್ಲೇ ಒಂದು ಸಾಲು. ಮನೆಯಲ್ಲಿರುವ ಟೂತ್‌ಪಿಕ್ಕಿನಿಂದ ಶುರುವಾದದ್ದು ಮನೆಯಲ್ಲಿ ಜಾಗವಿಲ್ಲದಷ್ಟರ ಮಟ್ಟಿಗೆ ಬೆಳೆದು ನಿಲ್ಲುತ್ತದೆ. ಬೆರಳು ತೋರಿಸಿದರೆ ಹಸ್ತ ನುಂಗುವುದು ಎಂದರೆ ಇದೇ.

‘ವಾಟರ್ ಮಾರ್ಬಲ್’ ಎಂಬ ವಿಧಾನದ್ದು ಬೇರೆಯೇ ಲೀಲೆ. ಒಂದು ಲೋಟ ನೀರು. ತಣ್ಣಗಿದ್ದರೆ ಕೆಲಸ ಕೆಡುತ್ತದೆ, ಕೋಣೆಯ ಹದಕ್ಕೇ ಇರಬೇಕು. ಅದರ ಮೇಲೆ ಒಂದೊಂದೇ ಹನಿ ಬಣ್ಣ ಬಿಟ್ಟರೆ ವೃತ್ತ ವೃತ್ತವಾಗಿ ಹರಡಿಕೊಳ್ಳುತ್ತದೆ; ಟೂತ್‌ಪಿಕ್ಕಿನಿಂದ ಅದರಲ್ಲಿ ಗೆರೆ ಎಳೆದರೆ ಅಮೃತಶಿಲೆಯಂಥ ಚಿತ್ತಾರ ಏಳುತ್ತದೆ. ಅದರೊಳಕ್ಕೆ ಬೆರಳು ಅದ್ದಬೇಕು. ಉಗುರೊಂದನ್ನೇ ಅದ್ದಲು ಬರುವುದಿಲ್ಲವಾದ್ದರಿಂದ ಬೆರಳಿನ ಮೊದಲ ಗೆಣ್ಣಿನವರೆಗೆ ಅಮೃತಶಿಲೆ. ಇದನ್ನು ತಪ್ಪಿಸಲು ಬೆರಳಿಗೆ ಮೊದಲೇ ಟೇಪು ಸುತ್ತಿರಬೇಕು. ಬೆರಳು ನೀರೊಳಗಿರುವಾಗಲೇ ಮೇಲೆ ಉಳಿದ ಬಣ್ಣದ ಪೊರೆಯನ್ನು ಬಳಿದು ತೆಗೆಯಬೇಕು, ಇಲ್ಲವಾದರೆ ಎತ್ತುವಾಗ ಇನ್ನೊಂದು ಪದರ ಅಂಟುತ್ತದೆ. ಮುಂದಿನ ಬೆರಳಿಗೆ ಮತ್ತೆ ಹೊಸದಾಗಿ ಹನಿ ಬಿಡಬೇಕು. ಉಗುರಿಗೆ ಹತ್ತಿದ ಬಣ್ಣಕ್ಕಿಂತ ಟೇಪಿಗೆ, ಲೋಟಕ್ಕೆ, ಟೂತ್‌ಪಿಕ್ಕಿಗೆ ಹತ್ತಿದ್ದೇ ಹೆಚ್ಚು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿಕೊಂಡವರ ಬಗ್ಗೆ ಕೇಳಿದ್ದೆವು. ಉಗುರಿಗೋಸ್ಕರವೇ ಕೊಡಲಿ ಎತ್ತಿಕೊಂಡವರನ್ನು ಈಗ ನೋಡುತ್ತಿದ್ದೇವೆ.

ಇಲ್ಲಿಯವರೆಗಿನದ್ದು ನಗೆಪಾಟಲು. ಈ ಒಣಗಿಸುವ ಗೋಳೇ ಬೇಡ ಎಂದವರಿಗೆ ಜೆಲ್ ಪಾಲಿಶ್ ಬಂತು, ನಗು ಸ್ವಲ್ಪ ಕಮ್ಮಿಯಾಯಿತು. ಇದು ಗಾಳಿಗೆ ಆರುವಂಥದ್ದಲ್ಲ. ಪುಟ್ಟ ದೀಪದ ಗೂಡಿನೊಳಗೆ ಕೈ ಇಟ್ಟರೆ ಅತಿನೇರಳೆ ಬೆಳಕು ಬಿದ್ದು, ಅದರಲ್ಲಿರುವ ಮೆಥಾಕ್ರಿಲೇಟ್ ಎಂಬ ಸಣ್ಣ ಅಣುಗಳು ಒಂದಕ್ಕೊಂದು ಕೈಹಿಡಿದು ಗಟ್ಟಿ ಪದರವಾಗುತ್ತವೆ. ದೀಪಕ್ಕೂ ಜೆಲ್ಲಿಗೂ ಜೋಡಿ ಕೂಡದಿದ್ದರೆ, ಅಥವಾ ಬಳಿದದ್ದು ದಪ್ಪವಾದರೆ, ಒಂದಷ್ಟು ಅಣುಗಳು ಕೈಹಿಡಿಯದೇ ಉಳಿಯುತ್ತವೆ. ಅವು ಚರ್ಮಕ್ಕೆ ಮತ್ತೆ ಮತ್ತೆ ತಗುಲಿದರೆ ಕೆಲವರಿಗೆ ಅಲರ್ಜಿ. ಅದು ಒಮ್ಮೆ ಅಂಟಿಕೊಂಡರೆ ಸಾಮಾನ್ಯವಾಗಿ ಜೀವಮಾನಪೂರ್ತಿ. ನಡುಗುವ ಎಡಗೈ ಚರ್ಮಕ್ಕೆಷ್ಟು ಬಳಿಯುತ್ತದೆ ಎಂಬುದನ್ನು ಮೇಲೆ ನೋಡಿದ್ದೀರಿ.

2018ರಲ್ಲಿ ಬ್ರಿಟನ್ನಿನ ಚರ್ಮವೈದ್ಯರ ಸಂಘ ಈ ಬಗ್ಗೆ ಎಚ್ಚರಿಸಿ, ಮನೆಯಲ್ಲಿ ಬಳಸುವ ಕಿಟ್‌ಗಳ ಕಡೆಗೇ ಬೊಟ್ಟು ಮಾಡಿತು. ಈ ಅಲರ್ಜಿ ಬಂದವರಿಗೆ ಮುಂದೆ ಹಲ್ಲು ತುಂಬಿಸುವಾಗ, ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯಾಗುವಾಗ ತೊಂದರೆಯಾಗಬಹುದು, ಏಕೆಂದರೆ ಅಲ್ಲಿ ಬಳಸುವುದೂ ಇದೇ ಕುಲದ ವಸ್ತುಗಳನ್ನು. ಇದರಲ್ಲೊಂದು ತಮಾಷೆಯಿದೆ. 1954ರಲ್ಲಿ ಅಮೆರಿಕದ ಫ್ರೆಡ್ ಸ್ಲ್ಯಾಕ್ ಎಂಬ ದಂತವೈದ್ಯ ತನ್ನ ಮುರಿದ ಉಗುರಿಗೆ ಹಲ್ಲಿನ ಅಕ್ರಿಲಿಕ್ಕಿನಿಂದಲೇ ತೇಪೆ ಹಾಕಿಕೊಂಡ. ಕೃತಕ ಉಗುರಿನ ಉದ್ಯಮಕ್ಕೆ ಅಲ್ಲಿ ಬೀಜ ಬಿತ್ತು. ಹಲ್ಲಿನ ಮದ್ದು ಉಗುರಿಗೆ ಬಂತು. ಉಗುರಿನ ಉಪದ್ವ್ಯಾಪ ಈಗ ಹಲ್ಲಿಗೆ ವಾಪಸು ಹೊರಟಿದೆ.

ಯುರೋಪಿಯನ್ ಒಕ್ಕೂಟ ಸುಮ್ಮನೆ ಕೂರಲಿಲ್ಲ. ಹೆಚ್ಚು ಕಾಟ ಕೊಡುವ ಹೆಮಾ ಎಂಬ ಮೆಥಾಕ್ರಿಲೇಟ್ ಇರುವ ಉಗುರು ಉತ್ಪನ್ನಗಳ ಮೇಲೆ ‘ವೃತ್ತಿಪರರ ಬಳಕೆಗೆ ಮಾತ್ರ’ ಎಂದು ಬರೆದಿರಬೇಕು ಎಂದು 2020ರಲ್ಲಿ ನಿಯಮ ಮಾಡಿತು. ಬೆಳಕಿಗೆ ಜೆಲ್ ಗಟ್ಟಿಯಾಗಲೆಂದು ಸೇರಿಸುವ ಟಿಪಿಒ ಎಂಬ ರಾಸಾಯನಿಕವನ್ನು ಸೌಂದರ್ಯವರ್ಧಕಗಳಲ್ಲಿ ಬಳಸಕೂಡದೆಂದು 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿತು. ಕಾನೂನಿನ ಕೈ ಉದ್ದ, ನಿಜ. ಆದರೆ ಡಬ್ಬಿಯ ಮೇಲೆ ‘ವೃತ್ತಿಪರರ ಬಳಕೆಗೆ ಮಾತ್ರ’ ಎಂದು ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದು, ಅದೇ ಡಬ್ಬಿ ಹಿಡಿದು ‘ಮನೆಯಲ್ಲೇ ಮಾಡ್ಕೊಳ್ಳಿ ಫ್ರೆಂಡ್ಸ್’ ಎಂದರೆ ಕಾನೂನು ಯಾವ ಬೆರಳನ್ನು ಹಿಡಿಯಬೇಕು? ವೃತ್ತಿಪರರಾಗಲು ಈಗ ಬೇಕಾಗಿರುವುದು ಒಂದು ಫೋನು, ಅದನ್ನು ನಿಲ್ಲಿಸುವ ಒಂದು ಸ್ಟ್ಯಾಂಡು, ಎರಡರಲ್ಲಿ ಒಂದು ಕೈ.

ಬಾಟಲಿಯ ಮೇಲಿನ ಸಾಹಿತ್ಯವನ್ನಂತೂ ಬಿಡುವ ಹಾಗಿಲ್ಲ. ಟಾಲ್ಯುವೀನ್, ಫಾರ್ಮಾಲ್ಡಿಹೈಡ್, ಡೈಬ್ಯೂಟೈಲ್ ಥ್ಯಾಲೇಟ್ ಎಂಬ ಮೂರು ಇದರಲ್ಲಿಲ್ಲ ಎಂದು ಒಂದು ಕಾಲದಲ್ಲಿ ‘ತ್ರೀ ಫ್ರೀ’ ಬಂತು. ಅದು ಒಳ್ಳೆಯದೇ. ಆಮೇಲೆ ಐದಿಲ್ಲದ್ದು, ಏಳಿಲ್ಲದ್ದು, ಹತ್ತಿಲ್ಲದ್ದು ಎಂದು ಹರಾಜು ಕೂಗತೊಡಗಿದರು. ಯಾವ ಹತ್ತು ಎಂಬುದಕ್ಕೆ ಎಲ್ಲರಿಗೂ ಒಂದೇ ಪಟ್ಟಿಯಿಲ್ಲ; ಇಲ್ಲದ್ದನ್ನು ಎಷ್ಟು ಬೇಕಾದರೂ ಎಣಿಸಬಹುದು. ಇನ್ನು ಕೆಲವು ‘ಉಸಿರಾಡುವ’ ಪಾಲಿಶ್‌ಗಳು. ಉಗುರಿಗೆ ನಡುವೆ ನಾಲ್ಕು ದಿನ ಉಸಿರಾಡಲು ಬಿಡಿ ಎನ್ನುವ ಸಲಹೆಯೂ ಇದರ ಜೊತೆಗೇ ಬರುತ್ತದೆ. ಉಗುರೆಂದರೆ ಕೆರಾಟಿನ್ ಎಂಬ ಪ್ರೋಟೀನು ತುಂಬಿದ ಸತ್ತ ಕೋಶಗಳ ಫಲಕ. ಬೇಕಾದ ಪೋಷಣೆ ಬುಡದಲ್ಲಿ ಹರಿಯುವ ರಕ್ತದಿಂದ ಬರುತ್ತದೆ. ಸತ್ತದ್ದಕ್ಕೆ ಉಸಿರು ಕೊಡುವ ಇವರನ್ನು ಆಸ್ಪತ್ರೆಗಳು ಇನ್ನೂ ಕರೆಸಿಕೊಂಡಿಲ್ಲ ಎಂಬುದೇ ನನ್ನ ಆಶ್ಚರ್ಯ. ಆಸ್ಪತ್ರೆಗೆ ಹೋದರೂ ಅಲ್ಲಿ ಬೆರಳಿಗೆ ಆಕ್ಸಿಮೀಟರ್ ಕ್ಲಿಪ್ಪು ಸಿಕ್ಕಿಸುವಾಗ, ಗಾಢ ಬಣ್ಣವಿದ್ದರೆ ಅಳತೆ ಹೆಚ್ಚುಕಮ್ಮಿ ಆಗಬಹುದೆಂದು, ಮೊದಲು ಪಾಲಿಶ್ ತೆಗೆಯಿರಿ ಎನ್ನುತ್ತಾರೆ.

ತೆಗೆಯುವುದು! ಹಾಕುವುದಕ್ಕೆ ಐದು ನಿಮಿಷ ಎಂದವರು ಇದರ ಗಡಿಯಾರವನ್ನೇ ತೋರಿಸುವುದಿಲ್ಲ. ಸಾದಾ ಬಣ್ಣ ಒಂದು ಹತ್ತಿಯುಂಡೆಗೆ ಹೋಗುತ್ತದೆ. ಮಿನುಗು ಹೋಗುವುದಿಲ್ಲ. ಹತ್ತಿಗೆ ಅಸಿಟೋನ್ ಎಂಬ ದ್ರಾವಕ ಹಾಕಿ, ಉಗುರಿನ ಮೇಲಿಟ್ಟು, ಬೆಳ್ಳಿ ಬಣ್ಣದ ಫಾಯಿಲ್ ಸುತ್ತಿ, ಹತ್ತೂ ಬೆರಳು ಮೇಲೆತ್ತಿಕೊಂಡು ಹತ್ತು ಹದಿನೈದು ನಿಮಿಷ ಕೂರಬೇಕು. ಬೆಂಕಿಯ ಹತ್ತಿರ ಕೂರಬಾರದು, ಅಸಿಟೋನ್ ಥಟ್ಟನೆ ಹೊತ್ತಿಕೊಳ್ಳುವ ಜಾತಿ. ಜೆಲ್ಲನ್ನು ಇಷ್ಟು ತಾಳ್ಮೆಯಿಲ್ಲದೆ ಅಂಚಿನಿಂದ ಸುಲಿದರೆ ಅದು ಉಗುರಿನ ಒಂದೆರಡು ಪದರವನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಕೈಯುಗುರು ಬೆಳೆಯುವುದು ತಿಂಗಳಿಗೆ ಹೆಚ್ಚುಕಡಿಮೆ 3 ಮಿಲಿಮೀಟರ್. ಬುಡದಿಂದ ತುದಿಯವರೆಗೆ ಹೊಸದಾಗಿ ಬರಲು ಆರು ತಿಂಗಳು. ಅಷ್ಟರವರೆಗೆ ಆ ತೆಳುವಾದ, ಬಿಳಿ ಮಚ್ಚೆಯ ಉಗುರು ಯಾರಿಗೂ ಕಾಣಬಾರದೆಂದು ಅದರ ಮೇಲೆ ಏನು ಬಳಿಯುತ್ತಾರೆ ಎಂದು ನೀವು ಕೇಳಬಾರದು.

ತೆಗೆಯೋಣ ಎಂದು ಅಕ್ಕ ರಿಮೂವರ್ ಬಾಟಲಿ ಕೈಗೆತ್ತಿಕೊಂಡಿದ್ದಾಳೆ. ಒತ್ತಿ ತಿರುಗಿಸಿದರೆ ಮಾತ್ರ ಬಿಚ್ಚುವ ಮುಚ್ಚಳ. ಮಕ್ಕಳ ಕೈಗೆ ಸಿಗಬಾರದೆಂದು ಮಾಡಿದ್ದು. ಇಂಚುದ್ದದ ಉಗುರು, ಮೇಲೆ ಮೂರು ಕಲ್ಲು. ಒತ್ತಿದರೆ ತಿರುಗಿಸಲಾಗದು, ತಿರುಗಿಸಿದರೆ ಒತ್ತಲಾಗದು.

“ಲೋ, ಇದೊಂಚೂರು ತೆಗೆದುಕೊಡೋ.”

ತಮ್ಮ ಸೋಫಾದ ಮೇಲೆ ಹತ್ತೂ ಬೆರಳು ಅಗಲಿಸಿಕೊಂಡು ಫ್ಯಾನಿನ ಕೆಳಗೆ ಕೂತಿದ್ದಾನೆ. ಕಪ್ಪು ಮ್ಯಾಟ್, ಎರಡನೇ ಕೋಟು.

“ಒಂದ್ಗಂಟೆ ಇರಕ್ಕಾ, ಇನ್ನೂ ಹಸಿ.”