ಬಾನೆಟ್ ಮೇಲೆ ಬಿದ್ದ ಎಳನೀರು

ಹೋದ ತಿಂಗಳು ರಜೆಗೆ ಹಾಸನಕ್ಕೆ ಬಂದಿದ್ದಾಗ, ಅಂಗಳದಲ್ಲಿ ನಿಂತಿದ್ದ ಅಪ್ಪನ ಕಾರಿನ ಬಾನೆಟ್ ಮೇಲೆ ಎಳನೀರು ಬಿತ್ತು. ಅಂಗೈ ಅಗಲದ ತಗ್ಗು. ಉಗುರಿನಿಂದ ಸವರಿ ನೋಡಿದೆ, ಬಣ್ಣ ಒಂದೆಳೆಯೂ ಬಿರಿದಿರಲಿಲ್ಲ. ಗ್ಯಾರೇಜಿಗೆ ಒಯ್ದರೆ, ‘ಟಿಂಕರಿಂಗ್ ಮಾಡಿ, ಪುಟ್ಟಿ ಹಾಕಿ, ಇಡೀ ಬಾನೆಟ್ ಪೇಂಟ್ ಹೊಡೆದುಬಿಡ್ತೀವಿ ಸಾರ್, ಇನ್ಶೂರೆನ್ಸ್‌ನಲ್ಲೇ ಆಗುತ್ತೆ’ ಅಂದರು. ನಾನು ಬೇಡ ಅಂದೆ.

ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಅಲ್ಲಿ ಬಣ್ಣ ಕೆಡಿಸದೆ ತಗ್ಗು ಎತ್ತುವ ಕೆಲಸಕ್ಕೆಂದೇ ಜನ ಇದ್ದಾರೆ. ಆಡುಮಾತಿನಲ್ಲಿ ‘ಬೊಯ್ಲೆನ್‌ಡಾಕ್ಟರ್’ ಅನ್ನುತ್ತಾರೆ, ತಗ್ಗಿನ ಡಾಕ್ಟರ್ ಅಂತ. 2013ರ ಜುಲೈ 28ರಂದು ಸ್ಟುಟ್‌ಗಾರ್ಟ್‌ನ ದಕ್ಷಿಣಕ್ಕೆ ರಾಯ್ಟ್‌ಲಿಂಗೆನ್ ಸುತ್ತ ಆಲಿಕಲ್ಲು ಸುರಿದು ಸಾವಿರಾರು ಕಾರುಗಳು ಜಜ್ಜಿಹೋದವು. ಅಂಥ ಹೊತ್ತಿನಲ್ಲಿ ಅಲ್ಲಿನವರು ಮೊದಲು ಹುಡುಕುವುದು ಇವರನ್ನೇ.

ನನ್ನ ಕಾರಿನ ಬಾಗಿಲು ತಗ್ಗಾದಾಗ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಆ ಡಾಕ್ಟರ್ ಗಾಜಿನ ಸಂದಿಯಿಂದ ತುದಿ ಬಾಗಿದ ಉದ್ದನೆಯ ಕಂಬಿ ಇಳಿಸಿದ. ಎದುರಿಗೆ ಸಾಲು ಸಾಲು ಬೆಳಕಿನ ಹಲಗೆ. ಬಾಗಿಲ ಮೇಲೆ ನೆಟ್ಟಗೆ ಹರಿದಿದ್ದ ಬೆಳಕಿನ ಗೆರೆಗಳು ತಗ್ಗಿನ ಹತ್ತಿರ ಬಂದು ಸುಳಿಯ ಹಾಗೆ ಮುದುಡಿಕೊಂಡಿದ್ದವು. ಅವನ ಕಣ್ಣೆಲ್ಲ ಆ ಗೆರೆಗಳ ಮೇಲೆ. ಒಳಗಿನಿಂದ ಸಾಸಿವೆ ಕಾಳಿನಷ್ಟು ಒತ್ತು, ಮತ್ತೊಂದು ಒತ್ತು, ಅಂಚಿನಿಂದ ಶುರುಮಾಡಿ ನಡುವಿಗೆ. ಒತ್ತು ಹೆಚ್ಚಾಗಿ ಉಬ್ಬಿದಲ್ಲಿ ನೈಲಾನ್ ಮೊಳೆಯಿಟ್ಟು ಸಣ್ಣ ಸುತ್ತಿಗೆಯಲ್ಲಿ ಟಕ್ ಟಕ್. ಒಂದೂವರೆ ಗಂಟೆಯಲ್ಲಿ ಗೆರೆಗಳು ನೆಟ್ಟಗಾದವು. ಒಂದು ಹನಿ ಬಣ್ಣ ಮುಟ್ಟಲಿಲ್ಲ.

ಕಾರಿಗೆ ಕಂಪನಿಯಲ್ಲೇ ಹೊಡೆದ ಬಣ್ಣ ಮತ್ತೆ ಸಿಗುವಂಥದ್ದಲ್ಲ. ಎಲ್ಲ ಪದರ ಸೇರಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪ. ಕಾರ್ಖಾನೆಯಲ್ಲಿ ಬರೀ ಲೋಹದ ಮೈಯನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ 150 ಡಿಗ್ರಿಗೂ ಮೇಲೆ ಬೇಯಿಸುತ್ತಾರೆ. ಗ್ಯಾರೇಜಿನ ಬೂತ್‌ನಲ್ಲಿ ಕಾಯಿಸುವುದು 60 ಡಿಗ್ರಿ ಆಸುಪಾಸು, ಯಾಕೆಂದರೆ ಒಳಗೆ ವೈರು, ಪ್ಲಾಸ್ಟಿಕ್ಕು ಎಲ್ಲ ಇರುತ್ತದೆ. ಪುಟ್ಟಿಯೋ, ನೀರು ಹೀರುತ್ತದೆ. ಕೆಲಸ ಸ್ವಲ್ಪ ಕೆಟ್ಟರೂ ಸಕಲೇಶಪುರದ ಕಡೆಯ ಎರಡು ಮಳೆಗಾಲ ಕಂಡ ಮೇಲೆ ಅದರಡಿ ತುಕ್ಕು ಹಿಡಿದು ಗುಳ್ಳೆ ಏಳುತ್ತದೆ.

ನನಗೆ ಸಂಕಟ ಆಗುವುದು ಬೇರೆಯದಕ್ಕೆ. ಹಳೇ ಕಾರು ಕೊಳ್ಳುವಾಗ ನಮ್ಮೂರಲ್ಲಿ ಎಲ್ಲರೂ ಬಾಗಿಲು ಬಡಿದು ನೋಡಿ ‘ಒರಿಜಿನಲ್ ಪೇಂಟಾ?’ ಅಂತಲೇ ಕೇಳುತ್ತೇವೆ. ಅದೇ ಪೇಂಟನ್ನು ಒಂದು ತಗ್ಗಿಗೋಸ್ಕರ ಎಮರಿ ಪೇಪರಿಗೆ ಕೊಡುತ್ತೇವೆ. ಮೇಲೆ ಕ್ಲೇಮ್ ಮಾಡಿ, ಕ್ಲೇಮ್ ಮಾಡದಿದ್ದರೆ ಇನ್ಶೂರೆನ್ಸ್ ರಿನ್ಯೂವಲ್‌ನಲ್ಲಿ ಸಿಗಬೇಕಾದ 20ರಿಂದ 50 ಪರ್ಸೆಂಟ್ ‘ನೋ ಕ್ಲೇಮ್’ ಬೋನಸ್ಸನ್ನೂ ಕಳೆದುಕೊಳ್ಳುತ್ತೇವೆ.

ಬಣ್ಣ ಒಡೆದಿದ್ದರೆ, ಗೆರೆ ಕೊಯ್ದಂತೆ ಮಡಚಿದ್ದರೆ, ಮೊದಲೇ ಪುಟ್ಟಿ ತಿಂದ ಜಾಗವಾದರೆ ಕಂಬಿ ಕೆಲಸ ನಡೆಯುವುದಿಲ್ಲ, ಟಿಂಕರಿಂಗೇ ಬೇಕು. ಬೆಂಗಳೂರಿನಲ್ಲಿ ಈಗ ಕಂಬಿ ಕೆಲಸ ಮಾಡುವವರಿದ್ದಾರೆ. ಆದರೆ ಅಂಗೈಯಗಲದ ತಗ್ಗಿಗೆ ನೂರೆಂಬತ್ತು ಕಿಲೋಮೀಟರ್ ಯಾರು ಹೋಗುತ್ತಾರೆ? ಅದು ಹಾಸನದಲ್ಲೇ ಆಗಬೇಕು, ಆಗಲೂಬಹುದು. ಕೈಯಂತೂ ಇಲ್ಲಿದೆ. ಆ ಗ್ಯಾರೇಜಿನಲ್ಲಿ ಅರವತ್ತು ದಾಟಿದ ಟಿಂಕರ್ ಒಬ್ಬರಿದ್ದರು. ನಾನು ಬೇಡ ಅಂದ ಮೇಲೆ ಹತ್ತಿರ ಬಂದು, ಕಣ್ಣು ಮುಚ್ಚಿ ಬಾನೆಟ್ ಮೇಲೆ ಅಂಗೈ ಆಡಿಸಿದರು. ‘ಅಂಚು ಇಲ್ಲಿವರೆಗೂ ಎಳೆದಿದೆ’ ಅಂತ, ನನ್ನ ಕಣ್ಣಿಗೆ ಕಾಣದ ಕಡೆ ಬೆರಳಿಟ್ಟರು. ಸ್ಟುಟ್‌ಗಾರ್ಟ್‌ನವನು ಬೆಳಕಿನ ಹಲಗೆಯಲ್ಲಿ ಓದಿದ್ದನ್ನು ಇವರು ಬರಿಗೈಯಲ್ಲಿ ಓದಿದ್ದರು. ಇಂಥವರಿಗೆ ನಾವು ಕೊಡುತ್ತಿರುವ ಕೂಲಿ ಪುಟ್ಟಿ ಮೆತ್ತಿ ಉಜ್ಜುವುದಕ್ಕೆ.

ಮೊಬೈಲಿನಲ್ಲಿ ಆ ಬಾಗಿಲಿನ ವಿಡಿಯೋ ತೋರಿಸಿದೆ. ಎರಡು ಸಲ ನೋಡಿದರು.

‘ಕಂಬಿ ಎಷ್ಟು ದಪ್ಪ ಇರುತ್ತೆ ಸಾರ್?’

ಡಿಸೆಂಬರಿಗೆ ಬರುವಾಗ ಒಂದು ಸೆಟ್ ತರುತ್ತೇನೆ ಅಂದಿದ್ದೇನೆ. ಅಲ್ಲಿಯವರೆಗೆ ಬಾನೆಟ್ ಮುಟ್ಟಿಸಬೇಡಿ ಅಂತ ಅಪ್ಪನಿಗೂ ಹೇಳಿ ಬಂದಿದ್ದೇನೆ.